ಎಬ್ಬಿಸೋ ಅಣ್ಣನ ಬಾಡಿಗೆ ದನಿಗಳು

ಬೆಳಕು ಹರಿಯುವ ಹೊತ್ತು. ಖಾಲಿ ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ತಂತ್ರಜ್ಞರೊಬ್ಬರು ಯಂತ್ರದ ರಬ್ಬರ್ ಚೀಲ ಹಿಸುಕಿ, ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ಕಿವಿಗೊಡುತ್ತಿದ್ದಾರೆ. ಉಸಿರಾಡಲೂ ಪುರುಸೊತ್ತಿಲ್ಲ ಎಂದು ಇವರು ಹೇಳುವಂತಿಲ್ಲ; ಉಸಿರೇ ಇವರ ಉದ್ಯೋಗ. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಇವರು ‘ಎಬ್ಬಿಸೋ ಅಣ್ಣ’.

ಇಂದಿನ ರೋಗಿ ಒಬ್ಬ ಟೈಲರ್. ಎದೆಮೂಳೆ ಸೀಳದೆ, ಪಕ್ಕೆಲುಬುಗಳ ನಡುವಿನ ಸಣ್ಣ ಸಂದಿಯಿಂದಲೇ ಹೃದಯಕ್ಕೆ ಬೈಪಾಸ್. ಒಳಗೆ ಕೈಯಾಡಲು ಜಾಗ ಬೇಕಲ್ಲ? ಅದಕ್ಕೆ ಎಡ ಶ್ವಾಸಕೋಶವನ್ನು ಕುಗ್ಗಿಸಿ, ಬಲದ್ದೊಂದರಿಂದಲೇ ಉಸಿರಾಟ ನಡೆಸಬೇಕು. ಅರಿವಳಿಕೆಯ ಡಾಕ್ಟರಮ್ಮ ಮಲಗಿಸುತ್ತಾರೆ. ತಲೆದೆಸೆಯಲ್ಲಿ ನಿಂತು ಕೊಳವೆ, ಆಮ್ಲಜನಕ ಕಾಯುವುದು ಅಣ್ಣ.

ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ, ಅವರ ಅಸಲಿ ದನಿಯಲ್ಲೇ ಬೈಸಿಕೊಂಡವರು ಇವರು. ಆ ಚಟ ಈಗ ಕಸುಬಿಗೆ ಒದಗಿದೆ. ಆಪರೇಷನ್ನಿನ ಹಿಂದಿನ ಸಂಜೆ ರೋಗಿಯ ಮನೆಯವರನ್ನು ಮಾತಾಡಿಸಿ ಅವರ ದನಿ ಕಲಿತುಕೊಳ್ಳುತ್ತಾರೆ. “ಮತ್ತಿನಿಂದ ಏಳೋವಾಗ ಗೊತ್ತಿರೋ ದನಿ ಕೇಳಿದ್ರೆ ಗಾಬರಿ ಕಡಿಮೆ” ಎನ್ನುತ್ತಾರೆ. ಊರವರನ್ನೆಲ್ಲ ಎಬ್ಬಿಸುವ ಇವರಿಗೆ ಸ್ವಂತ ಮಗಳನ್ನು ಎಬ್ಬಿಸುವ ಯೋಗವಿಲ್ಲ. ಅವಳು ಏಳುವ ಮುಂಚೆಯೇ ಮನೆ ಬಿಡಬೇಕು.

ಹೊಲಿಗೆ ಮುಗಿದಿದೆ. ಎಡ ಶ್ವಾಸಕೋಶ ಮತ್ತೆ ಅರಳಿದೆ. ಮತ್ತಿನ ಔಷಧ ನಿಲ್ಲಿಸಿಯೂ ಆಗಿದೆ. ಅಣ್ಣ ಬಾಗಿ ಟೈಲರ್ ಹೆಂಡತಿಯ ದನಿ ತೆಗೆಯುತ್ತಾರೆ: “ಏನೂಂದ್ರೆ, ಏಳ್ರೀ!”

ರೆಪ್ಪೆ ಅಲುಗುವುದಿಲ್ಲ. ಮತ್ತೆ ಕರೆಯುತ್ತಾರೆ. ಊಹೂಂ.

“ಇಷ್ಟು ಹೊತ್ತಿಗೆ ಏಳಬೇಕಿತ್ತು” ಎನ್ನುತ್ತಾರೆ ಡಾಕ್ಟರಮ್ಮ. ಮಿದುಳಿಗೇನಾದರೂ ಆಯಿತೇ? ಅಣ್ಣ ಬಾಗಿಲಾಚೆ ಕಾಯುತ್ತಿರುವ ಟೈಲರ್ ಹೆಂಡತಿಯ ಬಳಿಗೆ ಓಡುತ್ತಾರೆ.

“ಅಕ್ಕಾ, ನೀವು ಕರೆದ್ರೆ ಯಜಮಾನರು ಏಳ್ತಾರೆ ತಾನೇ?”

“ನಾನು ಕರೆದ್ರಾ? ಮದುವೆ ಆದಾಗಿಂದ ಮಗ್ಗುಲು ಬದಲಾಯಿಸಿದ್ದಷ್ಟೇ! ಗಿರಾಕಿ ದನಿ ಕೇಳಿದ್ರೆ ಮಾತ್ರ ದಡಕ್ಕನೆ ಎದ್ದು ಕೂತ್ಕೋತಾರೆ. ಯಾಕಣ್ಣ... ಎದ್ದಿಲ್ವಾ?”

“ಎಬ್ಬಿಸ್ತೀನಿ ಇರಿ ಅಕ್ಕ.”

ಒಳಗೆ ಬಂದವರೇ ಸೊಂಟಕ್ಕೆ ಕೈಯಿಟ್ಟು, ಸಿಟ್ಟಿಗೆದ್ದ ಗಿರಾಕಿ ಹೆಂಗಸಿನಂತೆ ಮೂಗಿನಲ್ಲಿ ರಾಗ ಎಳೆಯುತ್ತಾರೆ: “ಟೈಲರೇ! ಹೋದ ವಾರವೇ ಕೊಡ್ತೀನಿ ಅಂದಿದ್ರಲ್ಲ, ಎಲ್ಲ್ರೀ ನನ್ನ ಕೋಟು?”

ರೆಪ್ಪೆಗಳು ಪಟ್ಟನೆ ತೆರೆದುಕೊಳ್ಳುತ್ತವೆ. ಬಾಯಲ್ಲಿ ಕೊಳವೆ, ಮಾತಾಡುವಂತಿಲ್ಲ. ಟೈಲರ್ ಬಲಗೈ ಎತ್ತಿ, ಎರಡು ಬೆರಳು ಕೂಡಿಸಿ ಗಾಳಿಯಲ್ಲಿ ಸೂಜಿ ಎಳೆದು ತೋರಿಸುತ್ತಾರೆ: ಗುಂಡಿ ಒಂದೇ ಬಾಕಿ.

“ಸುಳ್ಳು ಹೇಳೋಷ್ಟು ಚೆನ್ನಾಗಿದಾರೆ. ಕೊಳವೆ ತೆಗೀರಿ!” ಡಾಕ್ಟರಮ್ಮನ ನಗುವಿನೊಂದಿಗೆ ಇಡೀ ಕೋಣೆಯ ಉಸಿರು ಹೊರಬೀಳುತ್ತದೆ.

ಸಂಜೆ ಪರದೆಯಾಚೆ ಟೈಲರ್ ಗೊಗ್ಗರು ದನಿಯಲ್ಲಿ ಹೆಂಡತಿಯನ್ನು ಕೇಳುತ್ತಿದ್ದಾರೆ: “ಇಲ್ಲಿಗೂ ಬಂದು ಜಗಳ ಆಡಿದ್ಲಲ್ಲ, ಯಾರೇ ಅವಳು?”

“ಯಾರೋ ಪುಣ್ಯಾತ್ಗಿತ್ತಿ” ಎಂದು ಆಕೆ ಕಣ್ಣೊರೆಸಿಕೊಂಡು ನಗುತ್ತಾರೆ.

ಪರದೆಯ ಈಚೆ ನಿಂತ ಅಣ್ಣನ ಮುಖ ಅರಳುತ್ತದೆ. “ನನ್ನ ದನಿ ಅಂತ ಅವರಿಗೆ ಗೊತ್ತಾಗಲೇ ಇಲ್ಲ ನೋಡಿ. ಅಷ್ಟು ಚೆನ್ನಾಗಿ ಬಂದಿದೆ!”