ಟ್ರಂಕಿನೊಳಗಿನ ಎರಡನೇ ವಹಿ

ಲಾತೂರಿನ ಭೂಕಂಪಕ್ಕೆ ಮೂವತ್ತು ವರ್ಷ ತುಂಬಿದ ಮರುವರ್ಷ ನಮ್ಮ ವಧು-ವರ ಕೇಂದ್ರಕ್ಕೆ ವೆಬ್‌ಸೈಟ್ ಎಂಬ ಪದವಿ ಪ್ರಾಪ್ತವಾಯಿತು. ಕೇಂದ್ರವೆಂದರೆ ಭವ್ಯ ಕಟ್ಟಡವೇನೂ ಅಲ್ಲ. ನಿಲಂಗಾದ ನಮ್ಮ ಬಟ್ಟೆ ಅಂಗಡಿಯ ಹಿಂದಿನ ಖೋಲಿ, ಅಲ್ಲೊಂದು ಗಾದಿ, ಗಾದಿಯ ಮೇಲೆ ನನ್ನ ಹೆಂಡತಿ ಶಾಂತಾಬಾಯಿ, ಆಕೆಯ ಮುಂದೆ ವಹಿ. ವಹಿ ಎಂದರೆ ನಮ್ಮ ಕಡೆ ನೋಟುಬುಕ್ಕು. ಉಮರ್ಗಾದಿಂದ ಉದಗೀರದವರೆಗಿನ ನಮ್ಮ ಜನ ಮಕ್ಕಳ ಲಗ್ನದ ಮಾತಿಗೆ ಇಲ್ಲಿಗೇ ಬರುತ್ತಾರೆ. ಲಗ್ನ ಕೂಡಿದವರಿಗೆ ಸೀರೆ ಮುಂದಿನ ಖೋಲಿಯಲ್ಲೇ ಸಿಗುತ್ತದೆಂಬುದು ಕೇವಲ ಯೋಗಾಯೋಗ.

ಶಾಂತಾಬಾಯಿಯ ವಹಿಗಳು ಎರಡು. ಮೊದಲನೆಯದರಲ್ಲಿ ನಂಬರು, ಓದು, ಎತ್ತರ, ಅಪೇಕ್ಷೆ. ಎರಡನೆಯದರಲ್ಲಿ ಅದೇ ನಂಬರಿನ ಮುಂದೆ ಹೆಸರು, ಫೋನು, ವಿಳಾಸ. ಮೊದಲನೆಯದನ್ನು ಬಂದವರಿಗೆ ತೋರಿಸುತ್ತಾಳೆ. ಎರಡನೆಯದು ಆಕೆಯ ಟ್ರಂಕಿನೊಳಗೆ, ಕೀಲಿ ಆಕೆಯ ಸೊಂಟದಲ್ಲಿ. ಕೇಳಲು ಬಂದವರು ಮೊದಲು ತಮ್ಮ ಹೆಸರು, ಊರು, ಇಬ್ಬರು ಹಿರಿಯರ ಫೋನು ಬರೆದುಕೊಡಬೇಕು. ಆಕೆ ವಿಚಾರಿಸಿ, ಹುಡುಗಿಯ ಮನೆಯವರನ್ನೂ ಕೇಳಿ, ಆಮೇಲೆ ಟ್ರಂಕು ತೆರೆಯುತ್ತಾಳೆ. ನಾನು ಗಂಡ. ಆದರೂ ಈ ನಿಯಮದಿಂದ ನನಗೆ ವಿನಾಯಿತಿ ಇಲ್ಲ.

ವೆಬ್‌ಸೈಟ್ ಕಟ್ಟಿಕೊಟ್ಟವನು ಉದಗೀರದ ಸಂಗಮೇಶ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಮೊದಲ ದಿನವೇ ಕೈ ಚಾಚಿದ.

"ಕಾಕೂ, ಎರಡೂ ವಹಿ ಕೊಡ್ರಿ. ಒಂದೇ ಕಡಿ ಹಾಕಿಬಿಡ್ತೀನಿ. ನಂಬರ ಒತ್ತಿದ್ರ ವಿಳಾಸ ಬರಬೇಕು."

"ಯಾರು ಒತ್ತಿದ್ರ?"

"ಕಾಕಾ ಒಬ್ಬರೇ. ಪಾಸ್‌ವರ್ಡ್ ಅವರ ಕಡಿ ಇರ್ತದಲ್ಲ."

ಶಾಂತಾಬಾಯಿ ನನ್ನನ್ನು ಒಮ್ಮೆ ಅಳೆದು ನೋಡಿದಳು. "ಇವ್ರು ಚಷ್ಮಾ ಎಲ್ಲಿ ಇಟ್ಟೀನಂತ ದಿನಾ ನನಗ ಕೇಳ್ತಾರ. ಒಂದನೇ ವಹಿ ಒಯ್ಯಿ, ಸಾಕು."

"ಕಾಕೂ ಭಾಳ ಹಳೇ ಕಾಲದವ್ರು" ಎಂದು ಅವನು ನಕ್ಕ. ನಾನೂ ನಕ್ಕೆ. ಆಕೆ ನಗಲಿಲ್ಲ.

"ಭೂಕಂಪ ಆದಾಗ ನನಗ ಹತ್ತೊಂಬತ್ತು. ಲೋಹಾರಾ ಕಡಿ ತಗಡಿನ ಪತ್ರಾದ ಶೆಡ್ಡಿನ್ಯಾಗ ಇದ್ದೆವು. ಮದತ್ ಹಂಚ್ಲಿಕ್ಕ ಯಾರೋ ಪಾಪ, ಛಲೋ ಮನಸಿನಿಂದನೇ, ಒಂದು ಯಾದಿ ಹೊರಗ ಹಚ್ಚಿದ್ರು. ಹುಡುಗಿ ಹೆಸರ, ವಯಸ್ಸ, ಮನ್ಯಾಗ ಯಾರ್ಯಾರು ಸತ್ತಾರ, ಶೆಡ್ ನಂಬರ, ಎಲ್ಲಾ ಒಂದೇ ಹಾಳಿ ಮ್ಯಾಲ. ನಾಕು ದಿನದಾಗ ಗುರ್ತಿಲ್ಲದ ಗಂಡಸರು ಬಂದು ನನ್ನ ಹೆಸರ ಹಿಡದು ಕರದ್ರು. 'ನಿನಗ ಯಾರೂ ಉಳದಿಲ್ಲಂತಲ್ಲ, ಲಗ್ನ ಆಗ್ತೀಯೇನು' ಅಂತ. ಆ ಶೆಡ್ಡಿಗಿ ಕದ ಇರಲಿಲ್ಲ ಸಂಗಮೇಶಾ. ಗೋಣಿತಟ್ಟಿನ ಪರದಾ ಇತ್ತು."

ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಇದನ್ನು ಕೇಳಿರಲಿಲ್ಲ. ಸಂಗಮೇಶ ಒಂದನೇ ವಹಿ ತೆಗೆದುಕೊಂಡ. ವೆಬ್‌ಸೈಟ್‌ನಲ್ಲಿ ನನ್ನ ಪಾಸ್‌ವರ್ಡಿಗೆ ಮಾತ್ರ ಕಾಣುವ ವಿಳಾಸದ ಖಾನೆಯಲ್ಲಿ ಎಲ್ಲ ನಂಬರಿಗೂ ಒಂದೇ ಸಾಲು ಬಿತ್ತು: "ಶಾಂತಾಬಾಯಿಯವರನ್ನು ಕೇಳಿರಿ."

ಪರಿಚಯ ಬರೆಯಲು ಅವನು ಎಐ ಎಂಬ ವಿದ್ವಾಂಸನನ್ನು ಸೂಚಿಸಿದ. "ಅಂವಾ ಯಾರ ಪೈಕಿ?" ಎಂದು ಶಾಂತಾಬಾಯಿ ಕೇಳಿದಳು. ಯಾರ ಪೈಕಿಯೂ ಅಲ್ಲ, ಯಂತ್ರ ಎಂದಾಗ, "ಹಂಗಾದ್ರ ಅವನಿಗೂ ಒಂದನೇ ವಹಿನೇ ತೋರಸು" ಎಂದಳು. ಆ ವಿದ್ವಾಂಸ ನಮ್ಮ ಅಷ್ಟೂ ಹುಡುಗಿಯರನ್ನು "ನಗುಮುಖದ ಸಂಸ್ಕಾರವಂತೆ" ಎಂದು ಬಣ್ಣಿಸಿದ. ಅವರಲ್ಲಿ ಕೆಲವರ ನಗುಮುಖ ನಾನು ಕಂಡಿರಲಿಲ್ಲವಾದ್ದರಿಂದ ಹಳೆಯ ಬರಹವೇ ಉಳಿಯಿತು.

ಪಾಸ್‌ವರ್ಡ್ ಮಾತ್ರ ನನ್ನ ಜವಾಬ್ದಾರಿ. ಯಾರೋ ಕೀಲಿಮಣೆಯ ಮೇಲೆ ಸೀನಿದಂತಿದ್ದ ಅದನ್ನು ನೆನಪಿಡುವುದು ಅಸಾಧ್ಯವಾಗಿ, ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಕೆಳಗೆ ಬರೆದಿಟ್ಟೆ. ಮುಂದೆ ನನಗೇ ಗೊಂದಲವಾಗಬಾರದೆಂದು ಪಕ್ಕದಲ್ಲಿ "ವೆಬ್‌ಸೈಟ್" ಎಂದು ದಪ್ಪಕ್ಷರದಲ್ಲಿ ನಮೂದಿಸಿದೆ.

ಆಗಲೇ ಉಮರ್ಗಾದಿಂದ ಒಬ್ಬ ತಾಯಿ ಬಂದರು. ಮಗಳಿಗೆ ನಿಶ್ಚಯವಾಗಿದ್ದ ಹುಡುಗ ಬಜಾರದಲ್ಲೇ ಆಕೆಯ ಮೇಲೆ ಕೈಯೆತ್ತಿದ್ದ. ಸಂಬಂಧ ಮುರಿದರೂ ಅವನು ಬೆನ್ನು ಬಿಡಲಿಲ್ಲ. ಹುಡುಗಿಯನ್ನು ಔರಾದ ಶಹಾಜನಿಯ ಸೋದರಮಾವನ ಮನೆಯಲ್ಲಿ ಇಟ್ಟಿದ್ದರು. "ಎಲ್ಲಿದ್ದಾಳಂತ ಅವನಿಗಿ ತಿಳಿದ್ರ ಮುಗೀತು ಬಾಯಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಹುಡುಗಿ ನಂಬರ್ ಅರವತ್ತೇಳು. ವೆಬ್‌ಸೈಟ್‌ನಲ್ಲಿ ಜನರಿಗೆ ಕಾಣದಂತೆ, ನನ್ನ ಪಾಸ್‌ವರ್ಡಿಗೆ ಮಾತ್ರ ಕಾಣುವಂತೆ ಇಟ್ಟೆವು. ಹಾಗೆ ಮುಚ್ಚಿಟ್ಟ ನಂಬರು ಅದೊಂದೇ.

ದೀಪಾವಳಿಯ ಮುಂಚೆ ಠಾಕುಠೀಕಾಗಿ ಬಟ್ಟೆ ತೊಟ್ಟ ಒಬ್ಬ ಗಿರಾಕಿ ಬಂದ. ಒಂದು ಶರ್ಟಿನ ಬಟ್ಟೆಗೆ ಒಂದು ತಾಸು ತೆಗೆದುಕೊಂಡ. ಅಣ್ಣನಿಗೆ ಬಣ್ಣ ತೋರಿಸಬೇಕೆಂದು ಫೋಟೋ ಹೊಡೆದ. ಬೆಳಕು ಚೆನ್ನಾಗಿ ಬೀಳಲೆಂದು ನಾನೇ ಬಟ್ಟೆಯ ಥಾನು ಬಿಚ್ಚಿ ಹಿಡಿದು ಕ್ಯಾಲೆಂಡರಿನ ಪಕ್ಕ ನಿಂತೆ. ಬಟ್ಟೆಯನ್ನು ಅವನು ಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ನೇರ ಹಿಂದಿನ ಖೋಲಿಗೆ ಬಂದ.

"ಬಾಯಿ, ಅರವತ್ತೇಳನೇ ನಂಬರಿನ ವಿಳಾಸ ಬೇಕಾಗಿತ್ರಿ."

"ಅರವತ್ತೇಳು ಎಲ್ಲಿ ನೋಡಿದ್ರಿ?"

"ನಿಮ್ಮ ವೆಬ್‌ಸೈಟಿನ್ಯಾಗ."

ನಾನು ಬಾಯಿ ತೆರೆದೆ. ಶಾಂತಾಬಾಯಿಯ ಕಣ್ಣು ನೋಡಿ ಮುಚ್ಚಿದೆ. ಆಮೇಲೆ ನನ್ನ ಕಣ್ಣು ತಾನಾಗಿಯೇ ಕ್ಯಾಲೆಂಡರಿನ ಕಡೆ ಹೋಯಿತು.

ಆಕೆ ಒಂದು ಹಾಳೆ, ಪೆನ್ನು ಮುಂದೆ ಸರಿಸಿದಳು. "ಇಲ್ಲಿ ಒಂದು ರೀತಿ ಅದ್ರಿ. ಮೊದಲ ನಿಮ್ಮದು ಬರೀರಿ. ಹೆಸರ, ಊರ, ಇಬ್ಬರು ಹಿರಿಯರ ಫೋನ್."

"ಅವಸರ ಅದ. ಆಮ್ಯಾಲ ಬರೀತೀನಿ."

"ಹಂಗಾದ್ರ ವಿಳಾಸನೂ ಆಮ್ಯಾಲ."

ಅವನ ದನಿ ಏರಿತು. "ಎಂಥಾ ಸೈಟ್ ಮಾಡೀರಿ ನೀವು? ವಿಳಾಸದ ಖಾನೆದಾಗ 'ಶಾಂತಾಬಾಯಿಗಿ ಕೇಳ್ರಿ' ಅಂತ ಬರೀತಾರೇನು?"

"ಆ ಖಾನೆ ಇವರ ಪಾಸ್‌ವರ್ಡ್ ಇದ್ದವರಿಗೇ ಕಾಣ್ತದ" ಎಂದಳು ಶಾಂತಾಬಾಯಿ, ಮುಂದಿನ ಖೋಲಿಗೂ ಕೇಳುವಂತೆ. "ಕಳ್ಳತನ ಮಾಡಿದವರು ಕೇಳ್ಲಿಕ್ಕ ಬೇರೆ ಬಂದೀರಿ. ಬರೀರಿ ಹೆಸರ!"

ಸೀರೆ ಆರಿಸುತ್ತಿದ್ದ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವನು ಅವರ ಮಧ್ಯದಿಂದಲೇ ದಾರಿ ಮಾಡಿಕೊಂಡು ಹೋದ. ಮತ್ತೆ ಈ ಕಡೆ ಸುಳಿಯಲಿಲ್ಲ.

ಸಂಗಮೇಶ ಉದಗೀರದಿಂದ ಓಡಿ ಬಂದು ತಪಾಸು ಮಾಡಿದ. "ಕಾಕಾ, ಅಂವಾ ಇಡೀ ಪಟ್ಟಿನೇ ಇಳಿಸಿಕೊಂಡಾನ." ಅವನು ಪರದೆಯನ್ನು ಇನ್ನೊಮ್ಮೆ ನೋಡಿ ಹಣೆ ಒರೆಸಿಕೊಂಡ. "ಇಳಿಸಿಕೊಂಡು ಏನ್ ಮಾಡ್ತಾನ? ಬರೀ ಓದು, ಎತ್ತರ. ಒಂದು ಹೆಸರಿಲ್ಲ. ಕಾಕೂ, ಆವತ್ತು ನೀವು ನನ್ನ ಮಾತ ಕೇಳಿದ್ರ ನಾ ಇವತ್ತು ಯಾರಿಗೂ ಮುಖ ತೋರಸ್ತಿದ್ದಿಲ್ಲ."

ಪಾಸ್‌ವರ್ಡ್ ಬದಲಾಯಿತು. ಇನ್ನು ಮುಂದೆ ಪ್ರತಿ ಸಲ ಫೋನಿಗೆ ಒಂದು ಕೋಡ್ ಬರುವ ವ್ಯವಸ್ಥೆಯೂ ಆಯಿತು. ಯಾರ ಫೋನಿಗೆ ಎಂಬ ಪ್ರಶ್ನೆ ಎದ್ದಾಗ ಸಂಗಮೇಶ ಶಾಂತಾಬಾಯಿಯನ್ನು ನೋಡಿದ. ನಾನೂ ಆಕೆಯನ್ನೇ ನೋಡಿದೆ. ಆಕೆ ಅಂದೇ ಔರಾದಕ್ಕೆ ಫೋನು ಮಾಡಿ ಹುಡುಗಿಯ ಸೋದರಮಾವನಿಗೆ ನಡೆದದ್ದನ್ನೆಲ್ಲ ತಿಳಿಸಿದಳು. ಬಂದವನು ಆ ಮುರಿದ ಸಂಬಂಧದ ಹುಡುಗನೇ ಎಂದು ಅವರು ಚಹರೆ ಕೇಳಿಯೇ ಗುರುತಿಸಿದರು. ಆಮೇಲೆ ಪಟ್ಟಿಯಲ್ಲಿದ್ದ ಪ್ರತಿ ಮನೆಗೂ ನಂಬರು ತಾನೇ ಒತ್ತಿ ಫೋನು ನನ್ನ ಕೈಗಿಟ್ಟಳು. ನಾಲ್ಕು ದಿನ ನಾನು ಊರೂರಿಗೆ ನನ್ನ ಕ್ಯಾಲೆಂಡರಿನ ಚರಿತ್ರೆಯನ್ನು ನಿವೇದಿಸಿದೆ. ಆಶ್ಚರ್ಯವೆಂದರೆ ಯಾರೂ ಹೆಸರು ತೆಗೆಸಲಿಲ್ಲ. "ಎರಡನೇ ವಹಿ ಬಾಯಿ ಕಡೀನೇ ಅದಲ್ಲ?" ಎಂದಷ್ಟೇ ಕೇಳಿದರು. ಈಗ ಸಂಗಮೇಶ ಯಾರಿಗೆ ಸೈಟ್ ಕಟ್ಟಿಕೊಟ್ಟರೂ ಮೊದಲು "ನಿಮ್ಮ ಎರಡನೇ ವಹಿ ಎಲ್ಲದ?" ಎಂದು ಕೇಳುತ್ತಾನಂತೆ. ಅದು ಯಾರ ಪಾಠವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವುದು ನನ್ನ ಕೆಲಸ.

ಹೋದ ವರ್ಷ ಅರವತ್ತೇಳಕ್ಕೆ ಲಗ್ನವಾಯಿತು. ತಾಯಿ ಬಂದು ಹಸಿರು ಸೀರೆ ಒಯ್ದರು. ಸಂಜೆ ಶಾಂತಾಬಾಯಿ ಎರಡನೇ ವಹಿಯಿಂದ ಆ ಹಾಳೆ ಹರಿದು ಒಲೆಗೆ ಹಾಕಿ, ಸೈಟಿನಿಂದಲೂ ತೆಗೆಯಲು ಸಂಗಮೇಶನಿಗೆ ಹೇಳಿದಳು. ಕುತೂಹಲ ತಡೆಯಲಾರದೆ ಕೇಳಿದೆ, "ಹುಡುಗಿ ಯಾವ ಊರಿಗಿ ಹೋದಳು?"

ಆಕೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಳೆ, ಪೆನ್ನು ನನ್ನ ಮುಂದಿಟ್ಟಳು. "ಮೊದಲ ನಿಮ್ಮದು ಬರೀರಿ."

ಬರೆದುಕೊಟ್ಟಿದ್ದೇನೆ. ವಿಚಾರಣೆ ಇನ್ನೂ ನಡೆದಿದೆ.