ಪದಸೂಚಿಗೆ ಕಾವಿ ಬೊಟ್ಟು

ಪುಸ್ತಕದ ಕರಡಚ್ಚು ಮೈಸೂರಿನಿಂದ ಅಂಚೆಯಲ್ಲಿ ಬಂದಾಗ ನಾನು ಮೊದಲು ಓದಿದ್ದು ಪುಟಗಳನ್ನಲ್ಲ, ಅವುಗಳ ಮೇಲಿದ್ದ ಪತ್ರವನ್ನು. ಸಂಪಾದಕರು ಹಿರಿಯರು, ಅವರ ಕೈಬರಹವೂ ಅಚ್ಚಿನಂತೆಯೇ ನೇರವಾಗಿತ್ತು. ಕರಡನ್ನು ತಿದ್ದಿ ಕಳಿಸಬೇಕು. ಜೊತೆಗೆ ಪುಸ್ತಕದ ಕೊನೆಗೆ ಒಂದು ಪದಸೂಚಿಯನ್ನು, ಅಂದರೆ ಮುಖ್ಯವಾದ ಪ್ರತಿಯೊಂದು ಪದವೂ ಯಾವ ಯಾವ ಪುಟದಲ್ಲಿ ಬಂದಿದೆಯೆಂಬುದನ್ನು, ಅಕಾರಾದಿಯಾಗಿ ಬರೆದು ಕಳಿಸಬೇಕು ಎಂದಿದ್ದರು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಎಡಗಡೆ ಅಂಚು ಬಿಡಿ, ಕಪ್ಪು ಮಸಿಯನ್ನೇ ಬಳಸಿ, ಅಚ್ಚಾಗಬೇಕಾದದ್ದನ್ನು ಬಿಟ್ಟು ಬೇರಾವ ಗುರುತೂ ಬೇಡ. ಈ ಕೊನೆಯ ಮಾತಿನ ಕೆಳಗೆ ಗೆರೆ ಎಳೆದಿದ್ದರು. ಆ ಗೆರೆಯನ್ನು ನಾನು ಬಹಳ ಹೊತ್ತು ನೋಡಿದೆ.

ನಮ್ಮ ಊರು ಪಾಪಿರೆಡ್ಡಿಪಟ್ಟಿಯ ಕಡೆ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ಸೇಲಂನಲ್ಲಿ ಬಿ.ಎ. ಓದುವಾಗ, ಎಂ.ಎ.ಯನ್ನು ಅಂಚೆ ಶಿಕ್ಷಣದಲ್ಲಿ ಮುಗಿಸಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಆದ್ದರಿಂದ ಒಂದು ವಾಕ್ಯ ಬರೆದರೆ ನಿಘಂಟನ್ನು ತೆರೆದು ನೋಡಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕುತ್ತಿದ್ದೆ. ಕುರಿ ಸಾಕಿ ಕಂಬಳಿಗೆ ಉಣ್ಣೆ ನೂಲುವ ನಮ್ಮ ಜನರ ಕೆಲಸವನ್ನು ಕುರಿತ ನನ್ನ ಪ್ರಬಂಧ ಪುಸ್ತಕವಾಗುತ್ತದೆಂದು ತಿಳಿದ ದಿನ ಸಂತೋಷಕ್ಕಿಂತ ಹೆಚ್ಚಾಗಿ ಭಯವೇ ಆಯಿತು.

ಆಡಿ ತಿಂಗಳಿನಲ್ಲಿ, ಅಂದರೆ ಆಷಾಢದ ಗಾಳಿಯ ಕಾಲದಲ್ಲಿ, ಸೇಲಂನ ಕೆಲಸಕ್ಕೆ ರಜೆ ಹಾಕಿ ಊರಿಗೆ ಬಂದೆ. ಪದಸೂಚಿಗೆ ಒಂದೇ ಅಳತೆಯ ಚೀಟಿಗಳು ಬೇಕಾಗಿದ್ದವು. ಗೋಡೆಯ ಕ್ಯಾಲೆಂಡರಿನಿಂದ ದಿನವೂ ಹರಿಯುವ ಹಾಳೆಗಳನ್ನು ಅವ್ವ ಎಸೆಯುತ್ತಿರಲಿಲ್ಲ. ವಿಭೂತಿಯ ಪೊಟ್ಟಣ ಕಟ್ಟುವುದಕ್ಕೆ ಬೇಕೆಂದು ಒಂದು ಡಬ್ಬಿಯಲ್ಲಿ ತುಂಬಿಸಿಟ್ಟಿದ್ದಳು. ಮುಂದೆ ತಮಿಳು ತಿಥಿ, ರಾಹುಕಾಲ. ಹಿಂದೆ ಬರೀ ಬಿಳಿ. ಆ ಬಿಳಿಯ ಮೇಲೆ ಒಂದು ಪದ, ಅದರ ಮುಂದೆ ಪುಟಸಂಖ್ಯೆ. ಮನೆಮುಂದಿನ ಜಗಲಿಯಲ್ಲಿ, ನಮ್ಮ ಮಾತಿನ ತಿಣ್ಣೆಯ ಮೇಲೆ, ಒಂದೊಂದು ಅಕ್ಷರಕ್ಕೆ ಒಂದೊಂದು ಗುಡ್ಡೆ ಮಾಡಿ, ಆಡಿಗಾಳಿಗೆ ಹಾರದಂತೆ ಪ್ರತಿಯೊಂದರ ಮೇಲೂ ಕಲ್ಲಿಟ್ಟೆ.

ತಪ್ಪಾಗಬಾರದೆಂದು ಚೀಟಿಗಳನ್ನು ಜೋರಾಗಿ ಓದುತ್ತಿದ್ದೆ. ಅವ್ವ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತ ಕೇಳುತ್ತಿದ್ದಳು.

"ಉಣ್ಣೆ ಬಿಡಿಸುವುದು" ಎಂದು ಓದಿದೆ.

"ಅದು ನಾನ್ ಯೋಳಿದ್ದು!" ಎಂದಳು.

"ಹೌದವ್ವ."

"ಎಲ್ಲಾ ಬುಕ್ಕಲ್ಲಿ ಐತಾ?"

"ಇದೆ."

"ಐತೆ ಅನ್ನು. ನನ್ನತ್ರಾನೂ ಕಾಲೇಜ್ ಮಾತಾಡ್ತೀಯಾ?"

ನಾನು ನಕ್ಕೆ. ಅವಳು ಮಾತ್ರ ಯೋಚನೆಗೆ ಬಿದ್ದಿದ್ದಳು. "ಅದು ನಾನ್ ಯೋಳಿದ್ದು ಅಂತ ಬುಕ್ಕಿಗೆ ಎಂಗೆ ಗೊತ್ತಾಯ್ತದೆ, ಮಗಾ?" ಎಂದು ಕೇಳಿದಳು.

ಪುಸ್ತಕದಲ್ಲಿ ಮಾಹಿತಿ ಕೊಟ್ಟವರಿಗೆಲ್ಲ ಒಂದೊಂದು ಸಂಖ್ಯೆ ಇತ್ತು. ಯಾರ ಹೆಸರೂ ಇರಲಿಲ್ಲ. ಶಾಸ್ತ್ರೀಯ ಗ್ರಂಥಗಳ ರೀತಿ ಅದೇ ಎಂದು ನಾನು ವಿವರಿಸಿದೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಕಾವಿ ಕಲಸಿದ ಬಟ್ಟಲಿತ್ತು.

ನಮ್ಮ ಕಡೆ ಹಲವು ಮನೆಗಳ ಕುರಿಗಳು ಒಂದೇ ಮಂದೆಯಾಗಿ ಮೇಯುತ್ತವೆ. ಸಂಜೆ ಬೇರ್ಪಡಿಸುವಾಗ ಜಗಳವಾಗಬಾರದೆಂದು ಪ್ರತಿಯೊಂದು ಮನೆಯವರೂ ತಮ್ಮ ಕುರಿಗಳ ಮೈಮೇಲೆ ಒಂದು ಅಡೆಯಾಳವನ್ನು, ಅಂದರೆ ಗುರುತನ್ನು, ಹಾಕಿರುತ್ತಾರೆ. ನಮ್ಮದು ಹೆಗಲ ಮೇಲೆ ದುಂಡನೆಯ ಕಾವಿ ಬೊಟ್ಟು. ಅವ್ವ ಉಂಗುರಬೆರಳನ್ನು ಬಟ್ಟಲಿನಲ್ಲಿ ಅದ್ದಿ, ನಾನು ಓದಿದ ಚೀಟಿಯ ಮೂಲೆಗೆ ಅದೇ ಬೊಟ್ಟನ್ನು ಇಟ್ಟಳು.

"ಊಂ, ಮುಂದುಕ್ಕೆ ಓದು."

ಅಂದಿನಿಂದ ಅದೇ ಕ್ರಮವಾಯಿತು. ನಾನು ಓದುವುದು, ಅವಳು ತೀರ್ಪು ಕೊಡುವುದು. "ಇದು ನಂದು." "ಇದು ನಂದಲ್ಲ, ನಿಮ್ಮತ್ತೆ ಯೋಳಿದ್ದು. ಇನ್ನೊಬ್ರ ಕುರಿಗೆ ನಾನ್ ಯಾಕ್ ಬೊಟ್ಟಿಡ್ಲಿ?" ನನ್ನ ಸೋದರತ್ತೆಯ ಮೇಲೆ ಅವಳಿಗೆ ಎಷ್ಟೋ ಸಿಟ್ಟಿತ್ತು; ಆದರೂ ಆಕೆಯ ಒಂದು ಪದವನ್ನೂ ತನ್ನದೆನ್ನಲಿಲ್ಲ.

ಕುರಿಹಟ್ಟಿಯಿಂದ ಬಂದ ಅಪ್ಪ ಈ ಕೆಲಸವನ್ನು ನಿಂತು ನೋಡಿದರು. "ಬುಕ್ಕಿಗೂ ಕಾವಿ ಆಕ್ತವ್ಳೆ. ನಾಳೆ ನನಗೂ ಆಕ್ತಾಳೆ ನೋಡು" ಎಂದರು.

"ನಿಮ್ಮನ್ನ ಯಾರ್ ಕದ್ಕೊಂಡ್ ಓಗ್ತಾರೆ, ಅಡೆಯಾಳ ಆಕಕ್ಕೆ?" ಎಂದಳು ಅವ್ವ, ತಲೆಯೆತ್ತದೆ.

ನಾವು ಮೂವರೂ ಊಟಕ್ಕೆ ಒಳಗೆ ಹೋಗಿದ್ದಾಗ ಒಂದು ಅನಾಹುತವಾಯಿತು. ಕಂಬಕ್ಕೆ ಕಟ್ಟಿದ್ದ ತಬ್ಬಲಿ ಕುರಿಮರಿ ಹಗ್ಗ ಬಿಚ್ಚಿಕೊಂಡು ತಿಣ್ಣೆ ಹತ್ತಿತ್ತು. ನಾನು ಬಂದು ನೋಡುವಷ್ಟರಲ್ಲಿ 'ಕ' ಗುಡ್ಡೆಯ ಕಲ್ಲು ಕೆಳಗುರುಳಿತ್ತು. ಮರಿಯ ಬಾಯಿಂದ ಕ್ಯಾಲೆಂಡರಿನ ಒಂದು ಚೂರು ನೇತಾಡುತ್ತಿತ್ತು. ನನಗೆ ಅಳುವೇ ಬಂತು. ಅವ್ವ ಮರಿಯ ಬಾಯಿಗೆ ಬೆರಳು ಹಾಕಿ ಸಿಕ್ಕಿದ್ದನ್ನು ಹೊರಗೆಳೆದಳು.

"ಅಳ್ಬ್ಯಾಡ ಕಣ್ಣು. ಪಾಪ, ಅದುಕ್ಕೂ ಓದ್ಬೇಕು ಅನ್ಸೈತೆ."

ಯಾವ ಚೀಟಿಗಳು ಹೋಗಿವೆಯೆಂದು ಕರಡಚ್ಚಿನಲ್ಲಿ ಹುಡುಕಿ, ಅವನ್ನು ಹೊಸದಾಗಿ ಬರೆದು ಗುಡ್ಡೆಗೆ ಸೇರಿಸಿದೆ. ಆ ಹೊತ್ತಿಗೆ ಅವ್ವ ನೀರಿಗೆ ಹೋಗಿದ್ದಳು.

ಶುದ್ಧಪ್ರತಿ ಸಿದ್ಧವಾದ ದಿನ ಅದನ್ನು ಅವಳ ಮುಂದೆ ಹಿಡಿದೆ. ಬಿಳಿ ಹಾಳೆ, ನೇರವಾದ ಅಂಚು, ಕಪ್ಪು ಅಕ್ಷರಗಳು. ಅವಳು ಹಾಳೆಗಳನ್ನು ಒಂದೊಂದಾಗಿ ತಿರುವಿ, ಮತ್ತೆ ಮೊದಲ ಹಾಳೆಗೆ ಬಂದಳು.

"ಬೊಟ್ಟು ಎಲ್ಲಿ?"

"ಬೇರೆ ಗುರುತು ಹಾಕಬಾರದೆಂದು ಬರೆದಿದ್ದಾರವ್ವ. ಹಾಕಿದರೆ ಪುಸ್ತಕವನ್ನೇ ಬೇಡವೆಂದುಬಿಟ್ಟರೆ?"

"ಸರಿ ಬುಡು. ಬುಕ್ಕಿನ ಕತೆ ನನಗೇನ್ ಗೊತ್ತು?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಕಾವಿಯ ಬಟ್ಟಲನ್ನು ತೊಳೆಯುತ್ತ, ನನಗಲ್ಲವೆಂಬಂತೆ ಹೇಳಿದಳು: "ಮಂದೇಲಿ ಸೇರ್ಕೊಂಡ್ರೆ ಎಲ್ಲಾ ಕುರೀನೂ ಒಂದೇ. ಬೊಟ್ಟಿಲ್ಲಾಂದ್ರೆ ಯಾರ್ದೂ ಅಲ್ಲ."

ಅವಳ ದನಿಯಲ್ಲಿ ದೂರಿರಲಿಲ್ಲ. ದೂರಿದ್ದರೆ ನನಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಚೀಟಿಗಳನ್ನು ಮತ್ತೆ ಹರಡಿಕೊಂಡು ಕುಳಿತೆ. ಎಲ್ಲಿ ನೋಡಿದರೂ ಕಾವಿ. ಕತ್ತರಿ ಹಿಡಿಯುವ ಕೈ, ಮೊದಲ ಕತ್ತರಿಯ ಉಣ್ಣೆ, ನೂಲಿಗೆ ಹಚ್ಚುವ ಹುಣಿಸೆಬೀಜದ ಗಂಜಿ. ಎಲ್ಲವೂ ಅವಳು ಅಡುಗೆಯ ನಡುವೆ, ನೂಲಿನ ನಡುವೆ ನನಗೆ ಹೇಳಿದವು. ಪದಸೂಚಿಯನ್ನು ಮೊದಲಿನಿಂದ ಬರೆದೆ. ಬೊಟ್ಟಿದ್ದ ಪದಗಳ ಮುಂದೆ ಕಪ್ಪು ಮಸಿಯಲ್ಲೇ ಒಂದು ಸಣ್ಣ ನಕ್ಷತ್ರವನ್ನು ಇಟ್ಟೆ. ಮೇಲ್ಗಡೆ ಒಂದು ಸಾಲು: ನಕ್ಷತ್ರ ಚಿಹ್ನೆಯಿರುವ ಪದಗಳನ್ನು ಲೇಖಕಿಗೆ ಹೇಳಿಕೊಟ್ಟವರು ಆಕೆಯ ತಾಯಿ. ಈ ಒಂದು ಸಾಲಿಗೆ ನಾನು ನಿಘಂಟು ತೆರೆಯಲಿಲ್ಲ. ಇದು ಶಾಸ್ತ್ರೀಯವಲ್ಲವೆಂದು ತಾವು ಭಾವಿಸಿದರೂ ಉಳಿಸಿಕೊಡಬೇಕೆಂದು ಸಂಪಾದಕರಿಗೆ ಬೇರೆ ಪತ್ರ ಬರೆದು, ಕಟ್ಟನ್ನು ಅಂಚೆಗೆ ಹಾಕಿದೆ. ಮನೆಗೆ ಹಿಂದಿರುಗುವ ಬಸ್ಸಿನಲ್ಲಿಯೇ ಪಶ್ಚಾತ್ತಾಪ ಶುರುವಾಯಿತು. ಅವ್ವನಿಗೆ ಏನೂ ಹೇಳಲಿಲ್ಲ.

ಉತ್ತರವು ಸೇಲಂನ ನನ್ನ ವಿಳಾಸಕ್ಕೆ ಕಾರ್ಡಿನಲ್ಲಿ ಬಂತು. ಅದನ್ನು ಮೇಜಿನ ಮೇಲಿಟ್ಟು ಓದಿದೆ. 'ನಕ್ಷತ್ರದ ಅಚ್ಚುಮೊಳೆ ನಮ್ಮ ಮುದ್ರಣಾಲಯದಲ್ಲಿ ಇಷ್ಟೊಂದು ಪದಗಳಿಗೆ ಸಾಲದು. ದುಂಡು ಚುಕ್ಕಿಯಾದರೆ ಆದೀತೇ? ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.' ಆದೀತು ಎಂದು ಅಂದೇ ಬರೆದೆ.

ಪುಸ್ತಕ ಕೈಗೆ ಬಂದಾಗ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿನ ಬಸ್ಸು ಹತ್ತಿದೆ. ಅವ್ವ ಕೈತೊಳೆದು, ಸೆರಗಿನಿಂದ ಒರೆಸಿಕೊಂಡು, ತಿಣ್ಣೆಯ ಮೇಲೆ ಕುಳಿತಳು. ನಾನು ಕೊನೆಯ ಪುಟಗಳನ್ನು ತೆರೆದುಕೊಟ್ಟೆ. ಅವಳ ಬೆರಳು ಸಾಲುಗಳ ಉದ್ದಕ್ಕೂ ಇಳಿಯಿತು, ಚುಕ್ಕಿ ಸಿಕ್ಕಿದಲ್ಲಿ ನಿಂತಿತು, ಮತ್ತೆ ಇಳಿಯಿತು.

"ನಮ್ ಬೊಟ್ಟು" ಎಂದಳು. "ಕಪ್ಪುಗೈತೆ ಅಷ್ಟೇ."

ಆಮೇಲೆ ಓದಿ ಹೇಳೆಂದಳು. ಓದುತ್ತಾ ಹೋದೆ. 'ಕೊಪ್ಪೆ' ಎಂದಾಗ ತಡೆದಳು. ಕಂಬಳಿಯನ್ನು ಒಂದು ಮೂಲೆಯಲ್ಲಿ ಮಡಿಸಿ, ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಂಡರೆ ಅದು ಕೊಪ್ಪೆ. ನಾನು ಚಿಕ್ಕವಳಿದ್ದಾಗ ಮಳೆ ಬಂದ ದಿನಗಳಲ್ಲಿ ಅವಳ ಕೊಪ್ಪೆಯೊಳಗೆ ಅವಳ ಸೊಂಟಕ್ಕೆ ಅಂಟಿಕೊಂಡು ಶಾಲೆಗೆ ಹೋಗುತ್ತಿದ್ದೆ. ದಾರಿ ಕಾಣುತ್ತಿರಲಿಲ್ಲ, ಅವಳ ಪಾದಗಳು ಮಾತ್ರ ಕಾಣುತ್ತಿದ್ದವು.

"ಅಲ್ಲಿ ಚುಕ್ಕಿ ಕಾಣ್ನಿಲ್ಲ?"

ನೋಡಿದೆ. ಇರಲಿಲ್ಲ. ಕುರಿಮರಿ ತಿಂದ ಚೀಟಿಗಳಲ್ಲಿ ಅದೂ ಒಂದು. ಹೊಸದಾಗಿ ಬರೆದದ್ದಕ್ಕೆ ಬೊಟ್ಟಿಡಲು ಅವಳು ಹತ್ತಿರವಿರಲಿಲ್ಲ. ಅಚ್ಚಾದದ್ದನ್ನು ಇನ್ನು ತಿದ್ದುವಂತಿರಲಿಲ್ಲ.

"ಅದುಕ್ಕ್ಯಾಕೆ ಮುಖ ಅಂಗ್ ಮಾಡ್ತೀಯಾ? ಒಂದ್ ಮರಿ ತಪ್ಪಿಸ್ಕೊಂಡೈತೆ" ಎಂದು ಎದ್ದು ಒಳಗೆ ಹೋದಳು. ಬಟ್ಟಲಿನೊಂದಿಗೆ ಬಂದು, "ಎಲ್ಲಿ ತೋರ್ಸು" ಎಂದಳು. ಹೊಸ ಪುಸ್ತಕ, ಒಂದು ಕ್ಷಣ ನನ್ನ ಕೈ ಹಿಂಜರಿಯಿತು. ಆಮೇಲೆ ಆ ಸಾಲನ್ನು ತೋರಿಸಿದೆ. ಅವಳು ಉಂಗುರಬೆರಳನ್ನು ಅದ್ದಿ, ಹೆಚ್ಚಾದ ಕಾವಿಯನ್ನು ಬಟ್ಟಲಿನ ಅಂಚಿಗೆ ಒರೆಸಿ, ಪದದ ಮುಂದೆ ಮೆಲ್ಲನೆ ಒತ್ತಿದಳು.

ಒಣಗುವವರೆಗೆ ಪುಟವನ್ನು ಮುಚ್ಚುವಂತಿರಲಿಲ್ಲ. ಪುಸ್ತಕವನ್ನು ತಿಣ್ಣೆಯ ಮೇಲೆ ತೆರೆದಿಟ್ಟು, ಎರಡು ಬದಿಗೂ ಕಲ್ಲು ಹೇರಿದೆವು. ಮರಿ ಈಗ ಕೊಬ್ಬಿ ಬೆಳೆದಿತ್ತು. ಅವ್ವ ಅದರ ಹಗ್ಗ ಬಿಚ್ಚಿ, ದೂರದ ಬೇವಿನ ಮರಕ್ಕೆ ಎಳೆದುಕೊಂಡು ಹೋಗಿ, ಎರಡು ಗಂಟು ಹಾಕಿ ಕಟ್ಟಿ ಬಂದಳು.