ಚಿಕ್ಕಮ್ಮ ಮುರಿದ ಮೊದಲನೇ ನಿಯಮ

ನಮ್ಮ ಚಿಕ್ಕಮ್ಮನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಒಂದೇ ಮಾತಿನಲ್ಲಿ ಹೇಳುತ್ತೇನೆ: ಮೇಷ್ಟ್ರುಗಳಿಗೆ ಪಾಠ ಹೇಳುವುದು. ಕೇಳಿದವರು ನಗುತ್ತಾರೆ. ನಗಲಿ. ಕಾಲೇಜಿನಲ್ಲಿ ಆನ್‌ಲೈನ್ ಕ್ಲಾಸು ತೆಗೆದುಕೊಳ್ಳುವವರು ಅದನ್ನು ಮಕ್ಕಳ ತಲೆಗೆ ಹತ್ತುವ ಹಾಗೆ ಮಾಡಲು ಕಲಿಸುವುದು ಅವಳ ಕೆಲಸ. ಮೆಟ್ಟಿಲಿನ ಕೆಳಗೆ, ಮೊದಲು ಆಟದ ಸಾಮಾನು ತುಂಬಿಡುತ್ತಿದ್ದ ಕೋಣೆಯೇ ಅವಳ ಆಫೀಸು. ಇವತ್ತಿಗೂ ಅಲ್ಲಿ ಹಳೇ ಫುಟ್‌ಬಾಲಿನ ವಾಸನೆ ಹೋಗಿಲ್ಲ. ಅದೇ ಕಾಲೇಜಿನ ಲೈಬ್ರರಿಯಲ್ಲಿರುವ ನಾನು ಚಹಾದ ಹೊತ್ತಿಗೆ ಅಲ್ಲಿ ಹಾಜರ್. ಪುಕ್ಕಟೆ ಮನರಂಜನೆ ಯಾರಿಗೆ ಬೇಡ?

ಅಲ್ಲಿಗೆ ಬರುವ ಅಧ್ಯಾಪಕರೆಲ್ಲ ಬೀಗುತ್ತಲೇ ಬರುತ್ತಾರೆ. ಚಿಕ್ಕಮ್ಮ ವಾದಕ್ಕೆ ಇಳಿಯುವವಳಲ್ಲ. ಅವರದೇ ಕ್ಲಾಸಿನ ರೆಕಾರ್ಡಿಂಗನ್ನು ಫೋನಿನಲ್ಲಿ ಹಾಕಿ ಕೈಗೆ ಕೊಟ್ಟು, "ಸ್ವಲ್ಪ ಹೊತ್ತು ಸ್ಟೂಡೆಂಟ್ ಆಗಿ ನೋಡಿ ಸರ್" ಅನ್ನುತ್ತಾಳೆ. ಅರ್ಥಶಾಸ್ತ್ರದವರ ಕ್ಯಾಮೆರಾದಲ್ಲಿ ಅವರ ಹಣೆ, ಮೇಲೆ ತಿರುಗುವ ಫ್ಯಾನು, ಇಷ್ಟೇ ಕಾಣುತ್ತಿತ್ತು. ಅವರು ಸ್ವಲ್ಪ ನೋಡಿದರು, ಆಕಳಿಸಿದರು, ಮೆಲ್ಲಗೆ ಮೇಜಿನ ಮೇಲಿದ್ದ ಪೇಪರಿಗೆ ಕೈ ಹಾಕಿದರು.

"ಯಾಕೆ ಸರ್, ಪೇಪರು?"

"ಬೋರ್ ಆಯ್ತು ಮೇಡಂ," ಅಂದವರು ತಾವೇ ಗೊಳ್ಳೆಂದು ನಕ್ಕುಬಿಟ್ಟರು. ಆಮೇಲೆ ಅವರ ಪಾಠ ಚಿಕ್ಕ ಚಿಕ್ಕ ತುಂಡಾಯಿತು, ಪ್ರತಿ ತುಂಡಿಗೊಂದು ಪ್ರಶ್ನೆ ಸೇರಿತು, ಮುಖವೂ ಪೂರ್ತಿ ಕಾಣಿಸಿತು.

ಆ ಕೋಣೆಯ ಬಾಗಿಲ ಮೇಲೆ ಚಿಕ್ಕಮ್ಮನ ಮೊದಲನೇ ನಿಯಮ ದಪ್ಪ ಅಕ್ಷರದಲ್ಲಿತ್ತು: ಪಾಠ ಶುರುವಾಗುವ ಮುಂಚೆ ಎಲ್ಲರ ಮೈಕ್ ಬಂದ್. ಅದನ್ನು ಮೀರಿದವರ ಗತಿ ನಾನು ಕಂಡಿದ್ದೇನೆ. ಬೇಡ ಬಿಡಿ.

ಊರಿನ ಮೇಷ್ಟ್ರುಗಳನ್ನೆಲ್ಲ ಗೆದ್ದವಳು ಸೋತದ್ದು ಮನೆಯಲ್ಲಿ. ಚಿಕ್ಕಪ್ಪ ಅದೇ ಕಾಲೇಜಿನ ಗಣಿತದ ಮೇಷ್ಟ್ರು. ಹಗಲು ದುಡಿದು ಸಂಜೆ ಓದುವವರ ಆನ್‌ಲೈನ್ ಕ್ಲಾಸು ಅವರದು. ಅಂಗಡಿಯಲ್ಲಿ ನಿಲ್ಲುವವರು, ಬಸ್ಸು ಓಡಿಸುವವರು, ಕೈಗೂಸಿನ ತಾಯಂದಿರು, ಎಲ್ಲ ಇದ್ದರು. ಹೆಂಡತಿ ಹೇಳಿದ್ದನ್ನು ಚಿಕ್ಕಪ್ಪ ಚಾಚೂ ತಪ್ಪದೆ ಮಾಡಿದ್ದರು. ಬೆಳಕು ಸರಿ, ದನಿ ಸರಿ, ಬರವಣಿಗೆ ಮುತ್ತು ಪೋಣಿಸಿದ ಹಾಗೆ. ಆದರೂ ವಾರದಿಂದ ವಾರಕ್ಕೆ ಜನ ಕಡಿಮೆಯಾಗುತ್ತಿದ್ದರು. "ಅರ್ಥ ಆಯ್ತಾ?" ಅಂದರೆ ಆ ಕಡೆ ಉಸಿರಿಲ್ಲ. ಕೊನೆಗೆ ಪ್ರಿನ್ಸಿಪಾಲರು ಹೇಳಿಬಿಟ್ಟರು: ಶುಕ್ರವಾರ ನಾನೂ ಕ್ಲಾಸಿಗೆ ಬರುತ್ತೇನೆ, ಹೀಗೇ ಇದ್ದರೆ ಹೊರಗಿನಿಂದ ವಿಡಿಯೋ ಪಾಠ ತರಿಸೋಣ, ನೀವು ಪರೀಕ್ಷಾ ವಿಭಾಗ ನೋಡಿಕೊಳ್ಳಿ.

"ತರಿಸಲಿ ಬಿಡು," ಅಂದರು ಚಿಕ್ಕಪ್ಪ, ಅವತ್ತು ರಾತ್ರಿ ನಾವೆಲ್ಲ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬೆರಳಾಡಿಸುತ್ತಾ. "ಗೋಡೆ ಹತ್ರ ಮಾತಾಡಿ ಮಾತಾಡಿ ನಂಗೂ ಸಾಕಾಗಿದೆ. ವಿಡಿಯೋಗಾದ್ರೆ ಬೇಜಾರು ಆಗಲ್ಲ."

ತಮಾಷೆಗೇ ಹೇಳಿದ್ದು, ಆದರೆ ಯಾರೂ ನಗಲಿಲ್ಲ. ಪಾಠವನ್ನು ಪ್ರೀತಿಸಿದಷ್ಟು ಆ ಮನುಷ್ಯ ಬೇರೇನನ್ನೂ ಪ್ರೀತಿಸಿದ್ದು ನಾನು ಕಾಣೆ, ಚಿಕ್ಕಮ್ಮ ಕ್ಷಮಿಸಲಿ.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ನನ್ನನ್ನೂ ಎಳೆದುಕೊಂಡು ಹೋಗಿ ಚಿಕ್ಕಪ್ಪನ ಬೆಳಗಿನ ಕ್ಲಾಸಿನ ಬಾಗಿಲ ಮರೆಯಲ್ಲಿ ನಿಂತಳು. ಅದು ಬೆಂಚು, ಬೋರ್ಡು ಇರುವ ಹಳೇ ರೀತಿಯ ಕ್ಲಾಸು. "ಮನೇಲಿ ಕಂಪ್ಯೂಟರ್ ಮುಂದೆ ಪಾಠ ಮಾಡೋದನ್ನ ನೋಡಿದ್ದೇ ನೋಡಿದ್ದು. ಇಲ್ಲಿ ಮಾಡೋದನ್ನ ಒಂದು ದಿನಾನೂ ನೋಡಿಲ್ಲ ನೋಡು," ಅಂದಳು.

ಚಿಕ್ಕಪ್ಪ ಹುಡುಗರಿಗೆ ಬೆನ್ನು ಹಾಕಿ ಲೆಕ್ಕ ಬರೆಯುತ್ತಿದ್ದರು. ಹಿಂದೆ ಗುಸುಗುಸು. ಬೇರೆಯವರಾಗಿದ್ದರೆ ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದರು. ಇವರು ಬರೆಯುವುದನ್ನು ನಿಲ್ಲಿಸಿ, ತಿರುಗದೆಯೇ ಕೇಳಿದರು: "ಕಿಟಕಿ ಕಡೆಯವರು ಈ ಸಾಲಲ್ಲೇ ಸಿಕ್ಕಿಹಾಕ್ಕೊಂಡ್ರಿ, ಅಲ್ವಾ?"

"ಹೌದು ಸರ್!"

ಅಳಿಸಿದರು, ಬೇರೆ ದಾರಿಯಲ್ಲಿ ಬರೆದರು. ಗುಸುಗುಸು ಇಳಿಯಿತು, ಅವರ ಕೈ ಮುಂದಕ್ಕೆ ಓಡಿತು.

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಇವರು ಪಾಠ ಮಾಡೋದೇ ಕಿವಿಯಿಂದ ಕಣೇ! ಆ ಕಿವಿಗೆ ಹತ್ತಿ ತುರುಕಿದ್ದು ನಾನು."

ಶುಕ್ರವಾರ ಸಂಜೆ ಚಿಕ್ಕಪ್ಪ ಕಂಪ್ಯೂಟರ್ ಮುಂದೆ ಕೂರುವಾಗ ಅವಳು ಹೇಳಿದಳು, "ರೀ, ಇವತ್ತು ಲೆಕ್ಕ ಬಿಡಿಸೋವಾಗ ಎಲ್ಲರ ಮೈಕೂ ತೆರೆಸಿ."

"ಪ್ರಿನ್ಸಿಪಾಲರು ಬರೋ ದಿನಾನೇ? ನಿನ್ನ ರೂಲು ನೀನೇ ಮುರೀತೀಯಾ?"

"ನನ್ನ ರೂಲು, ನಾನು ಮುರೀತೀನಿ. ನೀವು ಹೇಳಿದಷ್ಟು ಮಾಡಿ."

ನಾವಿಬ್ಬರೂ ಬಾಗಿಲ ಬಳಿ ನಿಂತೆವು. ಚಿಕ್ಕಪ್ಪ ಲೆಕ್ಕ ಕೊಟ್ಟು, "ಮೈಕ್ ತೆರೀರಿ, ಬಾಯಿಬಿಟ್ಟು ಹೇಳಿಕೊಳ್ತಾ ಬಿಡಿಸಿ" ಅಂದರು. ಅಬ್ಬಬ್ಬಾ! ಒಂದು ಸಂತೆಯೇ ಕೋಣೆಗೆ ನುಗ್ಗಿತು. ನಾಯಿ ಬೊಗಳಿತು, ಕೂಸು ಅತ್ತಿತು, ಬಸ್ಸು ಹಾರ್ನ್ ಹೊಡೆಯಿತು. ಯಾರದೋ ಅತ್ತೆ, "ಹಾಲು ಉಕ್ತಾ ಇದೆ ನೋಡೇ!" ಅಂತ ಕೂಗಿದರು. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ಚಿಕ್ಕಮ್ಮ ನನ್ನ ತೋಳು ಹಿಡಿದ ಬಿಗಿಗೆ ನಾನೂ ಕೂಗಬೇಕಿತ್ತು.

"ಹೋಗಮ್ಮ, ಹಾಲು ಇಳಿಸಿ ಬಾ. ಲೆಕ್ಕ ಎಲ್ಲೂ ಓಡಿಹೋಗಲ್ಲ," ಅಂದರು ಚಿಕ್ಕಪ್ಪ.

ಎಲ್ಲರೂ ನಕ್ಕರು. ಆ ನಗು ಇಳಿಯುತ್ತಿದ್ದ ಹಾಗೆ ಮೆಲ್ಲಗೆ ಶುರುವಾಯಿತು ಗುಸುಗುಸು. "ಇಲ್ಲಿ ಪ್ಲಸ್ ಇತ್ತಲ್ಲ..." "ನಂಗೂ ಅದೇ ಗೊತ್ತಾಗ್ತಿಲ್ಲ..." ಚಿಕ್ಕಪ್ಪ ಬರೆಯುವುದನ್ನು ನಿಲ್ಲಿಸಿ ತಲೆ ಓರೆ ಮಾಡಿದರು, ಥೇಟು ಬೋರ್ಡಿನ ಮುಂದೆ ನಿಂತ ಹಾಗೆ.

"ಬ್ರಾಕೆಟ್ ಬಿಡಿಸೋ ಜಾಗದಲ್ಲಿ ಎಡವಿದ್ರಿ, ಹೌದಾ?"

"ಹೌದು ಸರ್!" "ಪ್ಲಸ್ಸು ಮೈನಸ್ ಯಾಕಾಯ್ತು ಸರ್?" ಇಷ್ಟು ದಿನ ತುಟಿ ಬಿಚ್ಚದವರು ನಾ ಮುಂದು ತಾ ಮುಂದು ಅಂತ ಕೇಳತೊಡಗಿದರು. ಚಿಕ್ಕಪ್ಪ ಅಂಗಿಯ ತೋಳು ಮಡಚಿ, ಅಳಿಸಿ, ಮತ್ತೆ ಬರೆದರು.

"ಓಹೋ, ಹೊರಗಿರೋ ಮೈನಸ್ಸು ಒಳಗಿರೋರನ್ನೆಲ್ಲ ತಿರುಗಿಸಿಬಿಡುತ್ತೆ!" ಅಂತು ಒಂದು ಗಡಸು ದನಿ. "ಇಷ್ಟು ವರ್ಷ ನಂಗೆ ಯಾರೂ ಹೇಳಲೇ ಇಲ್ವಲ್ಲ!"

"ಯಾರದು ಕೊನೇ ಬೆಂಚು? ಇಷ್ಟು ವರ್ಷ ಏನ್ಮಾಡ್ತಿದ್ರಿ?" ಅಂತ ಚಿಕ್ಕಪ್ಪ ಗದರಿದರು.

"ಇತಿಹಾಸ ಓದಿಕೊಂಡು ಪ್ರಿನ್ಸಿಪಾಲ್ ಆಗಿಬಿಟ್ಟೆ ಮೇಷ್ಟ್ರೇ. ವಿಡಿಯೋ ಗಿಡಿಯೋ ಬೇಡ. ಮುಂದಿನ ಲೆಕ್ಕ ಕೊಡಿ."

ನಾಯಿಯೂ ಕೂಸೂ ಬೆಚ್ಚಿಬೀಳುವಷ್ಟು ನಗು ಎದ್ದಿತು.

ಬೇರೆ ದಿನ ಕ್ಲಾಸು ಮುಗಿದರೆ ಹೆಸರುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಅವತ್ತು ಒಬ್ಬೊಬ್ಬರೂ "ಬರ್ತೀವಿ ಸರ್" ಅಂತ ಹೇಳಿ ಹೋದರು. ಎಲ್ಲರೂ ಹೋದ ಮೇಲೂ ಚಿಕ್ಕಪ್ಪ ಖಾಲಿ ಪರದೆ ನೋಡುತ್ತಾ ಕೂತಿದ್ದರು. ಕಣ್ಣು ತುಂಬಿತ್ತು.

"ಇಷ್ಟು ದಿನಾನೂ ಎಲ್ಲ ಅಲ್ಲೇ ಇದ್ರು ಕಣೇ," ಅಂದರು. "ನಂಗೆ ಕೇಳಿಸ್ತಿರಲಿಲ್ಲ, ಅಷ್ಟೇ."

ಚಿಕ್ಕಮ್ಮ ಅವರ ಹೆಗಲ ಮೇಲೆ ಕೈಯಿಟ್ಟು ನಿಂತಳು. ಪಾಠದ ಭರದಲ್ಲಿ ಕ್ಯಾಮೆರಾ ಓರೆಯಾಗಿತ್ತು, ದೀಪ ತಪ್ಪು ಜಾಗದಲ್ಲಿತ್ತು. ಅವಳು ಏನನ್ನೂ ಸರಿಪಡಿಸಲು ಹೋಗಲಿಲ್ಲ.